ಹಪ್ಪಳ ಎದ್ದ ಬಾಗಿಲು

ನಮ್ಮ ಕಾರ್ ಶೆಡ್ಡಿಗೆ ಎರಡು ಪಡಿಯ ತಗಡಿನ ಬಾಗಿಲು. ಮಲ್ಪೆ ಕಡಲು ಮನೆಯಿಂದ ಕಾಣುವುದಿಲ್ಲ, ಆದರೆ ಅದರ ಉಪ್ಪುಗಾಳಿ ದಿನಾ ಬಂದು ಹೋಗುತ್ತದೆ. ನಾಲ್ಕು ತಿಂಗಳ ಮಳೆ ಬೇರೆ. ಈ ಸಲ ಮಳೆ ನಿಂತಾಗ ಬಣ್ಣವೆಲ್ಲ ಹಪ್ಪಳದ ಹಾಗೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಚಟ್ ಎಂದು ಒಡೆಯುತ್ತಿತ್ತು. ಮೊಮ್ಮಗಳಿಗೆ ಅದೇ ಆಟ. ಯಾರೂ ಇಲ್ಲದಾಗ ನನಗೂ.

"ಒಂದು ದಿನದ ಕೆಲಸ, ನಾನೇ ಪೇಂಟ್ ಹೊಡೀತೇನೆ" ಎಂದೆ. ಹೆಂಡತಿ ಏನೂ ಹೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹಾರ್ಡ್‌ವೇರ್ ಅಂಗಡಿಯವರು ಮೊಬೈಲಿನಲ್ಲಿ ಬಾಗಿಲಿನ ಫೋಟೋ ನೋಡಿ, "ಇದು ಜಿಐ ಶೀಟ್ ಅಲ್ವಾ? ಇದರ ಮೇಲೆ ಬರೀ ಎನಾಮಲ್ ನಿಲ್ಲುದಿಲ್ಲ ಮಾರಾಯ್ರೇ" ಎಂದರು. ಜಿಐ ಎಂದರೆ ಸತು ಲೇಪಿಸಿದ ಕಬ್ಬಿಣದ ತಗಡು. ಆ ಸತುವಿಗೂ ಎನಾಮಲ್ಲಿನ ಎಣ್ಣೆಗೂ ಆಗಿಬರುವುದಿಲ್ಲವಂತೆ. ತೇವ ಸೇರಿದರೆ ಎರಡೂ ಕೂಡಿ ಒಂದು ಥರದ ಸೋಪು ಆಗುತ್ತದೆ. ಅಪ್ಪನ ಕಾಲದಿಂದ ನಾವು ಮೇಲೆ ಬಣ್ಣ ಬಳಿಯುತ್ತಲೇ ಇದ್ದೇವೆ, ಬಾಗಿಲು ಒಳಗೊಳಗೇ ಸೋಪು ಮಾಡಿಕೊಂಡು ಜಾರಿಸುತ್ತಲೇ ಇದೆ!

ಜಿಐಗೆಂದೇ ಬರುವ ಪ್ರೈಮರ್ ಎಂಬ ಅಡಿಬಣ್ಣ, ಸುತ್ತಲಿನ ಕಬ್ಬಿಣದ ಫ್ರೇಮಿಗೆ ರೆಡ್ ಆಕ್ಸೈಡ್, ಎಮರಿ ಪೇಪರ್, ವೈರ್ ಬ್ರಷ್ ಎಲ್ಲ ತಂದೆ. ಕೆರೆಯಲು ಕೂತೆ.

ಕೆರೆದಷ್ಟೂ ಬಣ್ಣ. ಬೂದಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಹಸಿರು. ನೀಲಿ ತಂಗಿಯ ಮದುವೆಯ ವರ್ಷದ್ದು, ಕಿಟಕಿ ಸರಳಿಗೆ ಹೊಡೆದು ಮಿಕ್ಕಿದ್ದು. ಹಸಿರು ಗೇಟಿಗೆ ತಂದು ಉಳಿದದ್ದು. ಶೆಡ್ಡಿಗೆಂದು ನಮ್ಮಲ್ಲಿ ಯಾರೂ ಬಣ್ಣ ಆರಿಸಿದ್ದೇ ಇಲ್ಲ. ಡಬ್ಬದ ತಳದಲ್ಲಿ ಏನಿತ್ತೋ ಅದು. ಪೇಂಟಿನಲ್ಲಿ ವಿಷಕಾರಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಈ ಪದರಗಳೆಲ್ಲ ಅದಕ್ಕಿಂತ ಹಳೆಯವು. ಹಾಗಾಗಿ ಮೊಮ್ಮಗಳನ್ನು ಒಳಗೆ ಕಳಿಸಿ, ಮಾಸ್ಕ್ ಹಾಕಿಕೊಂಡು, ಧೂಳೇಳದಂತೆ ನೀರು ಹಚ್ಚಿ ಉಜ್ಜಿದೆ. ಗಟ್ಟಿ ಕೂತ ಬಣ್ಣವನ್ನು ಕೀಳಬೇಕಿಲ್ಲ, ಅದರ ಅಂಚು ಸವೆಸಿದರೆ ಸಾಕು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲೂ ಮೆಟ್ಟಿಲು ಸಿಗಬಾರದು. ಇಷ್ಟಕ್ಕೇ ಎರಡು ದಿನ ಹೋಯಿತು.

ಮೂರನೆಯ ದಿನ ಪಕ್ಕದ ಮನೆಯವರು ಬೇಲಿಯಾಚೆ ನಿಂತು, "ಎಂತ ಮಾರಾಯ್ರೇ, ಮೊದಲೇ ಚೆಂದ ಇತ್ತಲ್ಲ?" ಎಂದರು. ಬಾಗಿಲು ಆಗ ತೊನ್ನು ಹತ್ತಿದ ಹಾಗಿತ್ತು. ಉತ್ತರ ಕೊಡದೆ ಫ್ರೇಮಿನ ಬುಡದ ತುಕ್ಕು ತಿಕ್ಕಿದೆ. ಹೊಳೆಯುವ ಕಬ್ಬಿಣ ಕಂಡ ಮೇಲೆ ರೆಡ್ ಆಕ್ಸೈಡ್ ಬಳಿದೆ. ತಮಾಷೆ ನೋಡಿ, ಆ ಕೆಂಪೂ ಕಬ್ಬಿಣದ ಆಕ್ಸೈಡೇ. ತುಕ್ಕಿನ ದಾಯಾದಿ. ನಮ್ಮ ಊರ ಕೆಮ್ಮಣ್ಣು ಕೆಂಪಾಗಿರುವುದೂ ಅದರಿಂದಲೇ. ಮೂರು ಗಂಟೆ ಬೆವರು ಸುರಿಸಿ ತುಕ್ಕು ತೆಗೆದು, ದುಡ್ಡು ಕೊಟ್ಟು ಅದರ ನೆಂಟನನ್ನೇ ತಂದು ಕೂರಿಸಿದ್ದೆ.

ಎನಾಮಲ್ ಹೊಡೆಯಲು ಹಿಡಿದದ್ದು ಒಂದು ಕೋಟ್‌ಗೆ ಮುಕ್ಕಾಲು ಗಂಟೆ, ಅಷ್ಟೆ. ಈ ಸಲ ಅಂಗಡಿಗೆ ಹೋಗಿ ಆರಿಸಿ ತಂದ ಬಣ್ಣ, ಕಾಫಿ ಕಂದು. ಎರಡನೇ ಕೋಟು ಮುಗಿದಾಗ ಸಂಜೆ. ಮುಟ್ಟಿ ನೋಡಿದೆ, ಬೆರಳಿಗೆ ಅಂಟಲಿಲ್ಲ. ಖುಷಿಯಲ್ಲಿ ಎರಡೂ ಪಡಿ ಮುಚ್ಚಿ ಚಿಲಕ ಹಾಕಿದೆ.

ಬೆಳಿಗ್ಗೆ ಮದುವೆಗೆ ಹೊರಟರೆ ಬಾಗಿಲು ಬರಲಿಲ್ಲ. ಮೇಲೆ ಒಣಗಿದಂತೆ ಕಂಡರೂ ಬಣ್ಣ ಒಳಗೆ ಹಸಿಯೇ ಇತ್ತು. ಪಡಿಗಳು ಒಂದನ್ನೊಂದು ಕಚ್ಚಿ ಹಿಡಿದಿದ್ದವು. ಕಾರು ಒಳಗೆ. ರೇಷ್ಮೆ ಸೀರೆ ಉಟ್ಟ ಹೆಂಡತಿ ಆಗಲೂ ಏನೂ ಹೇಳಲಿಲ್ಲ, ಆಟೋಗೆ ಫೋನ್ ಮಾಡಿದಳು.

ಕೆರೆಯುವ ಬ್ಲೇಡನ್ನು ಸಂದಿಗೆ ತೂರಿಸಿ ಎಳೆದೆ. ಬಾಗಿಲು ಬಂತು, ಜೊತೆಗೆ ಉದ್ದಕ್ಕೂ ಒಂದು ಪಟ್ಟಿ ಬಣ್ಣವೂ. ಪಡಿಗಳು ಸೇರುವ ಆ ಅಂಚನ್ನು ಮಾತ್ರ, ಯಾರಿಗೆ ಕಾಣುತ್ತೆ ಅಂತ, ನಾನು ಉಜ್ಜಿರಲಿಲ್ಲ. ಕಂದು, ಬೂದಿ, ನೀಲಿ ಮೂರೂ ಒಟ್ಟಿಗೆ ಎದ್ದು ಬಂದಿದ್ದವು. ಅಡಿಯಲ್ಲಿ ಹಸಿರು, ನಿನ್ನೆ ಹೊಡೆದ ಹಾಗೆ ಹೊಳೆಯುತ್ತಿತ್ತು.