ಫ್ರೀಜ್ ಆದ ಮೇಲೆ ಬಂದ ಪಾಸ್‌ಥ್ರೂ ಪ್ಯಾಚ್: ಸೇರಿಸೋಣವೇ, ಬಿಡೋಣವೇ?

ಹೈಪರ್‌ವೈಸರ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು, ಅಂದರೆ ಗೆಸ್ಟ್‌ಗಳನ್ನು, ಓಡಿಸುವ ತಂತ್ರಾಂಶ) ರಿಲೀಸ್ ಹತ್ತಿರ ಬಂತು ಅಂದ್ರೆ ಈ ಜಗಳ ಇದ್ದದ್ದೇ. ಕೋಡ್ ಫ್ರೀಜ್ ಆಗಿರುತ್ತದೆ (ಹೊಸ ಬದಲಾವಣೆಗೆ ಬಾಗಿಲು ಮುಚ್ಚಿರುತ್ತದೆ), ಮೊದಲ ಆರ್‌ಸಿ (ರಿಲೀಸಿಗೆ ಮುಂಚಿನ ಪರೀಕ್ಷಾ ಆವೃತ್ತಿ) ಹೊರಬಿದ್ದಿರುತ್ತದೆ, ಅಷ್ಟರಲ್ಲಿ ಯಾರೋ ಪಿಸಿಐ ಪಾಸ್‌ಥ್ರೂ (ಯಂತ್ರದ ನಿಜವಾದ ಕಾರ್ಡನ್ನು ನೇರವಾಗಿ ಒಂದು ಗೆಸ್ಟ್‌ಗೆ ಕೊಡುವುದು) ಸರಿಮಾಡುವ ನಾಲ್ಕಾರು ಪ್ಯಾಚ್ ಕಳಿಸುತ್ತಾರೆ. ಎರಡೂ ಕಡೆಯ ವಾದವನ್ನು ಬಲ ಕುಗ್ಗಿಸದೆ ಬರೆದಿದ್ದೇನೆ. ನಾನು ಯಾವ ಕಡೆ ಅಂತ ಓದಿದರೆ ಗೊತ್ತಾಗುತ್ತೆ ಬಿಡಿ.

ಪರ

ಇವು ಫೀಚರ್ ಅಲ್ಲ, ರಿಪೇರಿ. ಹೊಸದೇನನ್ನೂ ಯಾರೂ ಕೇಳುತ್ತಿಲ್ಲ. "ಪಾಸ್‌ಥ್ರೂ ಇದೆ" ಅಂತ ನಾವೇ ಬರೆದುಕೊಂಡಿದ್ದೇವಲ್ಲ, ಅದು ಕೆಲಸ ಮಾಡಲಿ ಅನ್ನುತ್ತಿದ್ದಾರೆ, ಅಷ್ಟೇ.

ಎಂಎಸ್‌ಐ-ಎಕ್ಸ್ ಪ್ಯಾಚನ್ನೇ ತಗೊಳ್ಳಿ. ಎಂಎಸ್‌ಐ-ಎಕ್ಸ್ ಅಂದರೆ ಕಾರ್ಡ್ ಪ್ರೊಸೆಸರಿಗೆ ಇಂಟರಪ್ಟ್ ("ಇತ್ತ ನೋಡು" ಅನ್ನುವ ಸಂಕೇತ) ಕಳಿಸುವ ಒಂದು ವಿಧಾನ. ಇಂಟರಪ್ಟ್ ಎಲ್ಲಿಗೆ ಹೋಗಬೇಕು ಅನ್ನುವ ಟೇಬಲ್ ಕಾರ್ಡಿನ ಮೆಮೊರಿಯಲ್ಲೇ ಇರುತ್ತದೆ, ಒಂದೊಂದು ಎಂಟ್ರಿ 16 ಬೈಟ್. ಗೆಸ್ಟ್ ಅದನ್ನು ನೇರವಾಗಿ ಮುಟ್ಟಬಾರದು, ಹಾಗಾಗಿ ಹೈಪರ್‌ವೈಸರ್ ಆ ಇಡೀ 4 ಕೆಬಿ ಪುಟಕ್ಕೆ ಕಾವಲು ಕೂರುತ್ತದೆ. ಕಷ್ಟ ಬರುವುದು ಇಲ್ಲಿ: ಕೆಲವು ವೈಫೈ ಕಾರ್ಡ್‌ಗಳು ಅದೇ ಪುಟದಲ್ಲಿ ಬೇರೆ ರಿಜಿಸ್ಟರ್‌ಗಳನ್ನೂ (ಕಾರ್ಡಿಗೆ ಆಜ್ಞೆ ಬರೆಯುವ ಜಾಗಗಳು) ಇಟ್ಟುಕೊಂಡಿರುತ್ತವೆ. ಡ್ರೈವರ್ ಅವುಗಳಿಗೆ ಬರೆದದ್ದು ಕಾರ್ಡಿಗೆ ತಲುಪುವುದೇ ಇಲ್ಲ, ಎರರ್ ಕೂಡ ಬರುವುದಿಲ್ಲ. ಗೆಸ್ಟ್‌ನಲ್ಲಿ ಕಾರ್ಡ್ ಕಾಣಿಸುತ್ತದೆ, ಡ್ರೈವರ್ ಲೋಡ್ ಆಗುತ್ತದೆ, ನೆಟ್‌ವರ್ಕ್ ಮಾತ್ರ ಬರುವುದಿಲ್ಲ. ತಪ್ಪು ತನ್ನದೇ ಇರಬೇಕು ಅಂತ ಬಳಸುವವನು ಕಾನ್ಫಿಗ್ ತಿದ್ದುತ್ತಾ ಕೂರುತ್ತಾನೆ.

"ಪಾಸ್‌ಥ್ರೂ ಬಳಸುವವರು ಎಷ್ಟು ಜನ?" ಅಂತ ಕೇಳುವವರಿಗೆ ಒಂದೇ ಉತ್ತರ: ಕ್ಯೂಬ್ಸ್ ಓಎಸ್. ಅದು ಝೆನ್ ಅನ್ನುವ ಹೈಪರ್‌ವೈಸರ್ ಮೇಲೆ ನಿಂತಿದೆ. ನೆಟ್‌ವರ್ಕ್ ಕಾರ್ಡನ್ನು ಬೇರೆಯದೇ ಒಂದು ಗೆಸ್ಟ್‌ಗೆ ಕೊಡುವುದು ಅದರ ಸುರಕ್ಷತೆಯ ಬುನಾದಿ. ಅಲ್ಲಿ ಪಾಸ್‌ಥ್ರೂ ಕೆಟ್ಟರೆ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ಟೇ ಇಲ್ಲ.

ಇನ್ನು, ಪಾಸ್‌ಥ್ರೂ ಬಗ್ ಅಂದರೆ ಸುಮ್ನೆ ಒಂದು ಕಿರಿಕಿರಿ ಅಂದುಕೊಳ್ಳಬೇಡಿ. ಇಂಟರಪ್ಟ್ ರೀಮ್ಯಾಪಿಂಗ್ (ಡಿವೈಸ್ ಕಳಿಸುವ ಇಂಟರಪ್ಟನ್ನು ಹಾರ್ಡ್‌ವೇರೇ ತಪಾಸಣೆ ಮಾಡುವ ಸೌಲಭ್ಯ) ಇಲ್ಲದ ಯಂತ್ರದಲ್ಲಿ, ಡಿವೈಸ್ ಪಡೆದ ಗೆಸ್ಟ್ ತನಗೆ ಬೇಕಾದ ಇಂಟರಪ್ಟ್ ಕಳಿಸಿ ಹೈಪರ್‌ವೈಸರನ್ನೇ ವಶಮಾಡಿಕೊಳ್ಳಬಹುದು ಅಂತ ಇನ್‌ವಿಸಿಬಲ್ ಥಿಂಗ್ಸ್ ಲ್ಯಾಬ್ ಅನ್ನುವ ಭದ್ರತಾ ಸಂಶೋಧನಾ ಸಂಸ್ಥೆ 2011ರಲ್ಲೇ ತೋರಿಸಿತ್ತು. 2015ರ ಎಕ್ಸ್‌ಎಸ್‌ಎ-120 (ಝೆನ್‌ನ ಒಂದು ಭದ್ರತಾ ಪ್ರಕಟಣೆ) ಇನ್ನೂ ಸರಳ: ಗೆಸ್ಟ್ ತನ್ನ ಡಿವೈಸಿನ ಮೆಮೊರಿ ಡಿಕೋಡ್ (ತನ್ನ ಮೆಮೊರಿ ವಿಳಾಸಗಳಿಗೆ ಡಿವೈಸ್ ಓಗೊಡುವುದು) ಆಫ್ ಮಾಡಿ, ಆಮೇಲೆ ಅದೇ ಮೆಮೊರಿ ಮುಟ್ಟಿದರೆ ಕೆಲವು ಯಂತ್ರಗಳಲ್ಲಿ ಎನ್‌ಎಂಐ (ತಡೆಹಿಡಿಯಲಾಗದ ಇಂಟರಪ್ಟ್) ಎದ್ದು ಇಡೀ ಹೋಸ್ಟ್ (ಗೆಸ್ಟ್‌ಗಳನ್ನು ಹೊತ್ತ ನಿಜವಾದ ಯಂತ್ರ) ಮಲಗುತ್ತಿತ್ತು. ಈ ಜಾಗದ ಬಗ್‌ಗಳನ್ನು "ಆಮೇಲೆ ನೋಡೋಣ" ಅಂತ ಬುಟ್ಟಿಗೆ ಹಾಕುವುದು ಜಾಣತನವಲ್ಲ.

ಪಾಯಿಂಟ್ ರಿಲೀಸಿಗೆ (ಆಮೇಲೆ ಬರುವ, ಬರೀ ರಿಪೇರಿಗಳ ಚಿಕ್ಕ ರಿಲೀಸ್) ಹಾಕೋಣ ಅನ್ನುವುದು ಕೇಳೋಕೆ ಚೆಂದ. ಆದರೆ ಆ ಕಾರ್ಡ್ ಇರುವ, ಬಗ್ ಹೇಳಿದ, ಪ್ಯಾಚ್ ಹಾಕಿ ನೋಡಿ ಲಾಗ್ ಕಳಿಸಲು ತಯಾರಿರುವ ಮನುಷ್ಯ ಇವತ್ತು ಸಿಕ್ಕಿದ್ದಾನೆ. ಮೂರು ತಿಂಗಳು ಬಿಟ್ಟು ಆ ಯಂತ್ರ ಅವನ ಕೈಯಲ್ಲಿ ಇರುತ್ತದೆ ಅಂತ ಏನು ಗ್ಯಾರಂಟಿ?

ವಿರೋಧ

ಪ್ಯಾಚ್ ಬೇಡ ಅಂತ ಯಾರು ಹೇಳಿದರು? ಈಗ ಬೇಡ.

ಮೊದಲ ಪ್ರಶ್ನೆ: ಈ ಬಗ್ ಹಿಂದಿನ ರಿಲೀಸಿನಲ್ಲೂ ಇತ್ತಲ್ವಾ? ಇತ್ತು. ಹಾಗಾದರೆ ಇದು ರಿಗ್ರೆಷನ್ (ಮೊದಲು ಸರಿಯಿದ್ದು ಈಗ ಕೆಟ್ಟದ್ದು) ಅಲ್ಲ. ಈ ರಿಲೀಸ್ ಹಾಗೇ ಹೊರಟರೆ ಯಾರ ಸ್ಥಿತಿಯೂ ನಿನ್ನೆಗಿಂತ ಕೆಡುವುದಿಲ್ಲ. ಪ್ಯಾಚ್ ಸೇರಿಸಿ ಎಡವಿದರೆ ಕೆಡುತ್ತದೆ, ಅದೂ ಪಾಸ್‌ಥ್ರೂ ಹೆಸರೇ ಕೇಳದವರಿಗೆ. ಎಂಎಸ್‌ಐ-ಎಕ್ಸ್ ಇಂಟರಪ್ಟನ್ನು ಮಾಸ್ಕ್ ಮಾಡುವ (ತಾತ್ಕಾಲಿಕವಾಗಿ ತಡೆಯುವ), ಮಾಸ್ಕ್ ತೆಗೆಯುವ ಕೋಡ್ ಗೆಸ್ಟ್‌ಗೆ ಮೀಸಲಲ್ಲ. ಹೋಸ್ಟಿನ ಎನ್‌ವಿಎಂಇ ಡಿಸ್ಕ್ ಕೂಡ ಅದೇ ದಾರಿಯಲ್ಲಿ ಓಡಾಡುತ್ತದೆ.

ಮತ್ತೆ ಆ ಪ್ಯಾಚ್ ಮಾಡುವುದೇನು ಅಂತ ನೋಡಿ. ಇಷ್ಟು ದಿನ ಪೂರ್ತಿ ಮುಚ್ಚಿದ್ದ ಪುಟದಲ್ಲಿ, ಟೇಬಲ್ಲಿನ ಪಕ್ಕದ ರಿಜಿಸ್ಟರಿಗೆ ಗೆಸ್ಟ್ ಬರೆಯಲು ಒಂದು ಕಿಂಡಿ ತೆರೆಯುತ್ತದೆ. ಟೇಬಲ್ ಎಲ್ಲಿ ಮುಗಿಯಿತು, ಪಕ್ಕದ್ದು ಎಲ್ಲಿ ಶುರುವಾಯಿತು ಅನ್ನುವ ಲೆಕ್ಕ ನಾಲ್ಕು ಬೈಟ್ ತಪ್ಪಿದರೂ ಸಾಕು, ಗೆಸ್ಟ್ ಕೊನೆಯ ಎಂಟ್ರಿಗೇ ಕೈ ಹಾಕುತ್ತದೆ. 2011ರ ಕಥೆ ಹೇಳಿ ಹೆದರಿಸಿದಿರಿ, ಸರಿ. ಹೆದರಬೇಕಾದ್ದೇ. ಅದಕ್ಕೇ ಇಂಥ ಕೋಡನ್ನು ರಿಲೀಸಿಗೆ ಎರಡು ವಾರ ಇರುವಾಗ, ಒಬ್ಬರೇ ಒಬ್ಬರು ಸುಸ್ತಾದ ರಿವ್ಯೂವರ್ ನೋಡಿ "ಪರವಾಗಿಲ್ಲ" ಅಂದರು ಅಂತ ಒಳಗೆ ಬಿಡಬಾರದು.

ಟೆಸ್ಟಿಂಗ್ ವಿಷಯಕ್ಕೆ ಬಂದರೆ, ಒಬ್ಬನ ಲ್ಯಾಪ್‌ಟಾಪಿನಲ್ಲಿ ನಡೆಯಿತು ಅನ್ನುವುದು ಆ ಲ್ಯಾಪ್‌ಟಾಪಿಗೆ ಮಾತ್ರ ಸಾಕ್ಷಿ. ಒಂದೊಂದು ಬೋರ್ಡಿನ ಬಯೋಸ್ ಐಒಎಂಎಂಯು (ಡಿವೈಸ್ ಯಾವ ಮೆಮೊರಿ ಮುಟ್ಟಬಹುದು ಅನ್ನುವುದನ್ನು ಕಾಯುವ ಹಾರ್ಡ್‌ವೇರ್) ಬಗ್ಗೆ ಒಂದೊಂದು ಥರ ಹೇಳುತ್ತದೆ, ಕೆಲವು ಸಲ ಸುಳ್ಳನ್ನೇ ಹೇಳುತ್ತದೆ. ನಮ್ಮ ಆಟೋಮ್ಯಾಟಿಕ್ ಟೆಸ್ಟ್‌ಗಳು ಓಡುವ ಯಂತ್ರಗಳಲ್ಲಿ ನಿಜವಾದ ಕಾರ್ಡನ್ನು ಗೆಸ್ಟ್‌ಗೆ ಕೊಟ್ಟು ನೋಡುವಂಥವು ತೀರಾ ಕಡಿಮೆ.

ಮತ್ತೆ ಒಂದಕ್ಕೆ ವಿನಾಯಿತಿ ಕೊಟ್ಟರೆ ಮುಗಿಯಿತು. ಮಾರನೇ ದಿನ ಇನ್ನೊಬ್ಬರು ಬರುತ್ತಾರೆ, "ಅವರದ್ದು ತಗೊಂಡ್ರಿ, ನಮ್ಮದು ಯಾಕೆ ಬೇಡ?" ಆರ್‌ಸಿ ಮೇಲೆ ಆರ್‌ಸಿ ಬೀಳುತ್ತದೆ, ತಾರೀಖು ಜಾರುತ್ತದೆ, ಪ್ಯಾಕೇಜ್ ಮಾಡುವವರು ಹಳೇ ವರ್ಷನ್ನಿಗೇ ಅಂಟಿಕೊಳ್ಳುತ್ತಾರೆ. ಆಗ ಈ ಪ್ಯಾಚ್ ಯಾರಿಗೆ ತಲುಪಿತು?

ಒಂದನ್ನು ಮಾತ್ರ ಒಪ್ಪುತ್ತೇನೆ. ಜೊತೆಗೆ ಬಂದಿರುವ ರಿಸೆಟ್ ಪ್ಯಾಚ್ ಇದೆಯಲ್ಲ, ಎಫ್‌ಎಲ್‌ಆರ್ (ಆ ಒಂದು ಡಿವೈಸನ್ನು ಮಾತ್ರ ರಿಸೆಟ್ ಮಾಡುವ ಆಜ್ಞೆ) ಕೊಟ್ಟ ಮೇಲೆ ನಿಯಮದ ಪ್ರಕಾರ 100 ಮಿಲಿಸೆಕೆಂಡ್ ಕಾಯುವುದು, ಅದು ಡಿವೈಸ್ ವಾಪಸ್ ಪಡೆಯುವಾಗ ಮಾತ್ರ ಓಡುವ ಕೋಡ್. ಅದಿಲ್ಲದೆ ಗೆಸ್ಟ್ ಎರಡನೇ ಸಲ ಏಳುವಾಗ ಕಾರ್ಡ್ ಮಾಯವಾಗಿ ಹೋಸ್ಟನ್ನೇ ರೀಬೂಟ್ ಮಾಡಬೇಕಾಗುತ್ತದೆ. ಅದನ್ನು ಇವತ್ತೇ ಹಾಕಿ. ಎಂಎಸ್‌ಐ-ಎಕ್ಸ್‌ದು ರಿಲೀಸ್ ಬ್ರಾಂಚ್ ಬೇರೆಯಾದ ಮಾರನೇ ದಿನ ಮುಖ್ಯ ಟ್ರೀಗೆ ಹೋಗಲಿ, ನಾಲ್ಕಾರು ವಾರ ಅಲ್ಲಿ ಓಡಲಿ, ಆಮೇಲೆ ಬ್ಯಾಕ್‌ಪೋರ್ಟ್ ಮಾಡಿ (ಹೊರಟ ರಿಲೀಸಿಗೆ ತಂದು ಸೇರಿಸಿ). ಅಲ್ಲಿಯವರೆಗೆ ರಿಲೀಸ್ ನೋಟ್ಸಿನಲ್ಲಿ ಯಾವ ಕಾರ್ಡ್ ನಡೆಯುವುದಿಲ್ಲ ಅಂತ ಹೆಸರು ಹಿಡಿದು ಬರೆಯಿರಿ.