ಸಂಬಳ ಕೇಳಿದಿರಿ, ಮನೆಯ ವಿಷಯ ಕೇಳಿದಿರಾ?

ಕಳೆದ ವಾರ ಗೆಳತಿಯ ತಂಗಿ ತನಗೆ ಬಂದ ಆಫರ್ ಲೆಟರ್ ಕಳುಹಿಸಿದ್ದಳು. ದುಬೈನ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿಯ ಕೆಲಸ, ತಿಂಗಳಿಗೆ 9,000 ದಿರ್ಹಮ್. ಜೊತೆಗೆ ಒಂದೇ ಸಾಲು: "ಅಕ್ಕಾ, ಇನ್ನೂ ಐನೂರು ಕೇಳಲೇ?"

ಐನೂರು ಆಮೇಲಾಯಿತು, ಮೊದಲು ಒಳಗಿನ ಪುಟ ನೋಡು ಎಂದೆ. ಅಲ್ಲಿ 9,000 ಎರಡು ಪಾಲಾಗಿತ್ತು. ಮೂಲ ವೇತನ 3,600. ಉಳಿದ 5,400 "ವಸತಿ ಮತ್ತು ಇತರ ಭತ್ಯೆ". ಕೈಗೆ ಬರುವ ಹಣ ಒಂದೇ ತಾನೇ ಎಂದು ಅವಳ ಪ್ರಶ್ನೆ. ಪ್ರತಿ ತಿಂಗಳೂ ಒಂದೇ, ನಿಜ. ಕೆಲಸ ಬಿಡುವ ದಿನ ಒಂದೇ ಅಲ್ಲ. ಯುಎಇಯ ಕಾರ್ಮಿಕ ಕಾನೂನಿನಂತೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಲೆಕ್ಕ ಹಾಕುವುದು ಮೂಲ ವೇತನದ ಮೇಲೆ ಮಾತ್ರ; ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ವೇತನ. ಮೂಲ 3,600 ಇದ್ದರೆ ವರ್ಷಕ್ಕೆ 2,520 ದಿರ್ಹಮ್. ಅದೇ 9,000ದೊಳಗೆ ಮೂಲ 6,000 ಆಗಿದ್ದರೆ 4,200. ಐದು ವರ್ಷಕ್ಕೆ 8,400 ದಿರ್ಹಮ್ ವ್ಯತ್ಯಾಸ, ಹೆಚ್ಚುಕಡಿಮೆ ಅವಳ ಒಂದು ತಿಂಗಳ ಪೂರ್ತಿ ಸಂಬಳ. ಮಾಸಿಕ ವೆಚ್ಚ ಒಂದು ದಿರ್ಹಮ್ ಕೂಡ ಏರದ ಕಾರಣ, ಐನೂರಕ್ಕೆ ಮುಖ ಸಿಂಡರಿಸುವ ಶಾಲೆಗಳೂ ಈ ಬದಲಾವಣೆಗೆ ಕೆಲವೊಮ್ಮೆ ಒಪ್ಪುತ್ತವೆ.

ಇದನ್ನೆಲ್ಲ ಹುಟ್ಟುತ್ತಲೇ ಕಲಿತು ಬಂದವಳಲ್ಲ ನಾನು. ಕೊಲ್ಲಿಯ ಬೇರೊಂದು ದೇಶದಲ್ಲಿ ನನಗೆ ಮೊದಲ ಕೆಲಸ ಸಿಕ್ಕಾಗ ಸಂಬಳಕ್ಕಾಗಿ ಮೂರು ಇಮೇಲ್ ಬರೆದು, ಜಗ್ಗಾಡಿ, ಸ್ವಲ್ಪ ಏರಿಸಿಕೊಂಡು ಬೀಗಿದ್ದೆ. ಮನೆಯ ಬಗ್ಗೆ ಕರಾರಿನಲ್ಲಿ ಇದ್ದದ್ದು ಎರಡೇ ಪದ: "ಸೂಕ್ತ ವಸತಿ". ಹೋಗಿ ನೋಡಿದರೆ ಎರಡು ಕೋಣೆಯ ಮನೆಯಲ್ಲಿ ನಾಲ್ವರು. ನನಗೆ ಬಂದದ್ದು ಹಾಲಿನ ಒಂದು ಮೂಲೆ. ಸಾಲಾಗಿ ನಿಲ್ಲಿಸಿದ ಮೂರು ಬೀರುಗಳೇ ಗೋಡೆ. ಬೀರುಗಳ ಬೆನ್ನು ನನ್ನ ಕಡೆಗೆ, ಬಾಗಿಲು ಆಚೆಗೆ. ಬೆಳಿಗ್ಗೆ ಐದಕ್ಕೆ ಆಚೆಯವರು ಸೀರೆ ತೆಗೆಯಲು ಬಾಗಿಲು ಎಳೆದರೆ ಈಚೆ ನನ್ನ ಮಂಚ ಅಲುಗುತ್ತಿತ್ತು. ತಿಂಗಳ ಕೊನೆಗೆ ದೂರು ಹೇಳಿದಾಗ ಆಡಳಿತಾಧಿಕಾರಿ ಕರಾರು ತೆರೆದು ಆ ಎರಡು ಪದಗಳ ಮೇಲೆ ಬೆರಳಿಟ್ಟು, "ಇದು ಸೂಕ್ತ ಎಂದೇ ನಮ್ಮ ಅಭಿಪ್ರಾಯ, ಮೇಡಂ" ಎಂದರು. ಅವರ ತಪ್ಪಿಲ್ಲ. ಒಂಟಿ ಕೋಣೆಯೋ ಹಂಚಿಕೆಯೋ, ಕದಕ್ಕೆ ಚಿಲಕ ಉಂಟೋ, ವಿದ್ಯುತ್ ಬಿಲ್ಲು ಯಾರ ತಲೆಗೆ, ಒಂದನ್ನೂ ನಾನು ಬರೆಸಿರಲಿಲ್ಲ.

ಶಾಲೆ ಮನೆ ಕೊಡದೆ ಭತ್ಯೆ ಕೊಟ್ಟರೆ ಸ್ವಾತಂತ್ರ್ಯ ಎಂದು ಈಗಲೂ ನಂಬುತ್ತೇನೆ. ಆದರೆ ಅದಕ್ಕೂ ಒಂದು ಕೊಕ್ಕೆ ಇದೆ. ದುಬೈನಲ್ಲಿ ಬಾಡಿಗೆ ತಿಂಗಳ ಲೆಕ್ಕದಲ್ಲಿ ನಡೆಯುವುದು ಕಡಿಮೆ. ವರ್ಷದ ಮೊತ್ತವನ್ನು ಒಂದೋ ಎರಡೋ ನಾಲ್ಕೋ ಚೆಕ್ಕುಗಳಲ್ಲಿ ಮುಂದಿನ ದಿನಾಂಕ ಹಾಕಿ ಮೊದಲೇ ಕೊಡಬೇಕು. ಅದರ ಮೇಲೆ ವಾರ್ಷಿಕ ಬಾಡಿಗೆಯ ಸುಮಾರು ಶೇ. 5ರಷ್ಟು ಠೇವಣಿ, ಏಜೆಂಟನಿಗೆ ಸಾಮಾನ್ಯವಾಗಿ ಮತ್ತೆ ಶೇ. 5, ಫ್ಲಾಟಿನ ನೀರು ಮತ್ತು ವಿದ್ಯುತ್ ಸಂಪರ್ಕಕ್ಕೆ 2,000 ದಿರ್ಹಮ್ ಠೇವಣಿ. ನಿಮ್ಮ ಮೊದಲ ಭತ್ಯೆ ಬರುವುದು ತಿಂಗಳು ಕಳೆದ ಮೇಲೆ. ಆದ್ದರಿಂದ ಕೇಳಬೇಕಾದದ್ದು ಭತ್ಯೆ ಎಷ್ಟು ಎಂಬುದಕ್ಕಿಂತ, ಆರು ತಿಂಗಳದ್ದನ್ನು ಮುಂಗಡ ಕೊಡುತ್ತೀರಾ, ಮನೆ ಸಿಗುವವರೆಗೆ ಎಲ್ಲಿ ಇಳಿಸುತ್ತೀರಿ ಎಂಬುದು. ಜಪಾನಿನಲ್ಲೂ ಇಂಥದೇ ಕಥೆ: ಠೇವಣಿಯ ಜೊತೆಗೆ 'ರೇಕಿನ್' ಎಂಬ ಹಣ. ಮನೆ ಕೊಟ್ಟದ್ದಕ್ಕೆ ಮಾಲೀಕನಿಗೆ ಸಲ್ಲಿಸುವ ಕೃತಜ್ಞತಾ ಕಾಣಿಕೆ ಅದು, ಹೋದರೆ ಹೋಯಿತು, ತಿರುಗಿ ಬರುವುದಿಲ್ಲ.

ದಕ್ಷಿಣ ಕೊರಿಯಾದ್ದು ತಿರುಗಾಮುರುಗಾ. ಅಲ್ಲಿ ಸಣ್ಣ ಒಂದು ಕೋಣೆಯ ಮನೆಗೂ 50 ಲಕ್ಷದಿಂದ 1 ಕೋಟಿ ವೊನ್ ಠೇವಣಿ ಕೇಳುವುದು ಸಾಮಾನ್ಯ. ಹೊಸಬರ ಬಳಿ ಅಷ್ಟು ಎಲ್ಲಿಂದ ಬರಬೇಕು? ಹಾಗಾಗಿ 'ಹಾಗ್ವಾನ್' ಎನ್ನುವ ಖಾಸಗಿ ತರಬೇತಿ ಶಾಲೆಗಳೇ ಮನೆ ಹಿಡಿದು ಕೊಡುತ್ತವೆ. ಅನುಕೂಲವೇ. ಆದರೆ ವೀಸಾ ಅವರ ಕೈಯಲ್ಲಿ, ಬಾಡಿಗೆ ಕರಾರೂ ಅವರ ಹೆಸರಿನಲ್ಲಿ. ಕೆಲಸ ಹೋದ ದಿನವೇ ಸೂಟ್‌ಕೇಸ್ ಬೀದಿಗೆ. ಒಂದು ವರ್ಷ ತುಂಬಿಸಿದವರಿಗೆ ಕೆಲಸ ಬಿಡುವಾಗ ಕನಿಷ್ಠ ಒಂದು ತಿಂಗಳ ವೇತನದಷ್ಟು ಹಣ ಕೊಡಬೇಕೆಂದು ಅಲ್ಲಿಯ ಕಾನೂನು ಹೇಳುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಹನ್ನೊಂದನೆಯ ತಿಂಗಳಿಗೆ ಜಗಳ ತೆಗೆದು ಹೊರಗೆ ಹಾಕುವ ಮಾಲೀಕರ ದೂರು ಅಲ್ಲಿಯ ಶಿಕ್ಷಕರ ನಡುವೆ ಹಳೆಯದು. ಕೆಲಸ ಮುಗಿದ ಮೇಲೆ ಎಷ್ಟು ದಿನ ಆ ಮನೆಯಲ್ಲಿ ಇರಬಹುದು ಎಂಬ ಒಂದು ಸಾಲನ್ನು ಸಹಿಗೆ ಮೊದಲೇ ಹಾಕಿಸಿಕೊಳ್ಳಿ. ಹದಿನೈದು ದಿನ ಸಿಕ್ಕರೂ ದೊಡ್ಡದು.

ಇನ್ನು ಎಲ್ಲರೂ ಬಲ್ಲ, ಯಾರೂ ಕಾಗದದಲ್ಲಿ ಬರೆಯದ ವಿಷಯ. ಪಾಸ್‌ಪೋರ್ಟಿನ ಬಣ್ಣ ನೋಡಿ ಸಂಬಳ ಕಟ್ಟುವ ಶಾಲೆಗಳಿವೆ. ಇಂಗ್ಲಿಷ್ ಎಂ.ಎ., ಬಿ.ಎಡ್., ಹತ್ತು ವರ್ಷ ಪಾಠ ಮಾಡಿದ ನನಗಿಂತ, 120 ಗಂಟೆಯ ಆನ್‌ಲೈನ್ ಕೋರ್ಸ್ ಮುಗಿಸಿ ಬಂದ ಹುಡುಗನಿಗೆ ಹೆಚ್ಚು ಸಂಬಳವಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ವ್ಯಾಕರಣದ ಅನುಮಾನ ಬಂದಾಗ ಅವನು ನನ್ನ ಮೇಜಿಗೇ ಬರುತ್ತಿದ್ದ, ಪಾಪ, ಒಳ್ಳೆಯ ಹುಡುಗ. ಈ ಅನ್ಯಾಯವನ್ನು ಸಂದರ್ಶನದಲ್ಲಿ ಚರ್ಚಿಸಿ ಗೆದ್ದವರನ್ನು ನಾನು ಕಂಡಿಲ್ಲ. "ನಿಮ್ಮ ವೇತನ ಶ್ರೇಣಿಯ ಪಟ್ಟಿ ಕಳುಹಿಸಿ, ನನ್ನ ಪದವಿಗೂ ಅನುಭವಕ್ಕೂ ನಾನು ಯಾವ ಮೆಟ್ಟಿಲಿನಲ್ಲಿದ್ದೇನೆ ತೋರಿಸಿ" ಎಂದು ಕೇಳುವುದು ಎರಡು ಕಡೆ ನನಗೆ ಕೆಲಸ ಮಾಡಿತು. ಪಟ್ಟಿ ಇದ್ದರೆ ಮೆಟ್ಟಿಲು ಏರಿಸಬೇಕಾಗುತ್ತದೆ. ಪಟ್ಟಿಯೇ ಇಲ್ಲ ಎಂದರೆ ಸಂಬಳ ಬಾಯಿಲೆಕ್ಕ ಎಂದಾಯಿತು, ಚೌಕಾಸಿಗೆ ಜಾಗವಿದೆ. ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ವಿದೇಶಿಯರನ್ನು ಕರೆಸಿಕೊಳ್ಳಲೆಂದು ಜಪಾನ್ ಸರ್ಕಾರ 1987ರಲ್ಲಿ ಶುರುಮಾಡಿದ ಜೆಟ್‌ನಂಥ ಯೋಜನೆಗಳಲ್ಲಿ ಸಂಬಳ ನಿಜಕ್ಕೂ ನಿಗದಿಯಾಗಿರುತ್ತದೆ, ಅಲ್ಲಿ ಗಂಟಲು ಒಣಗಿಸಿಕೊಳ್ಳಬೇಡಿ.

ಕೇಳಿದರೆ ಆಫರ್ ಹೋಗಿಬಿಟ್ಟರೆ ಎಂಬ ಭಯ ಸುಳ್ಳಲ್ಲ. ನನಗೆ ಒಂದು ಸಲ ಹೋಗಿದೆ. ಮನೆಯ ವೀಡಿಯೊ ಕಳುಹಿಸಿ, ಈಗ ಅಲ್ಲಿರುವ ಒಬ್ಬ ಶಿಕ್ಷಕಿಯ ಜೊತೆ ಮಾತನಾಡಿಸಿ ಎಂದಷ್ಟೇ ಬರೆದಿದ್ದೆ. ಮರುದಿನ "ಬೇರೆ ಅಭ್ಯರ್ಥಿ ಸಿಕ್ಕಿದ್ದಾರೆ" ಎಂಬ ಉತ್ತರ. ಎರಡು ವಾರ ನಿದ್ದೆ ಸರಿಯಾಗಿ ಬರಲಿಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು. ಮಾತುಕತೆಯುದ್ದಕ್ಕೂ "ನಾನು ನಿಮ್ಮ ಪರ" ಎನ್ನುತ್ತಿದ್ದ ನೇಮಕಾತಿ ಏಜೆಂಟ್ ಆಮೇಲೆ ಫೋನನ್ನೇ ಎತ್ತಲಿಲ್ಲ. ಅವನಿಗೆ ಕಮಿಷನ್ ಕೊಡುವುದು ಶಾಲೆ, ನಾನಲ್ಲ. ಅದು ಹೊಳೆದದ್ದೂ ಆಗಲೇ.

ಗೆಳತಿಯ ತಂಗಿ ಮೂರು ಪ್ರಶ್ನೆ ಬರೆದು ಕಳುಹಿಸಿದಳು. ಐನೂರನ್ನು ಕೈಬಿಟ್ಟಳು. ನಿನ್ನೆ ಉತ್ತರ ಬಂದಿದೆ: ಮೂಲ ವೇತನ 4,500 ಮಾಡಬಹುದು, ಮೊದಲ ಹದಿನೈದು ದಿನ ಹೋಟೆಲ್, ಭತ್ಯೆಯ ಮುಂಗಡವನ್ನು "ಪರಿಶೀಲಿಸುತ್ತೇವೆ". "ಅಕ್ಕಾ, ಪರಿಶೀಲಿಸುತ್ತೇವೆ ಎಂದರೆ ಒಪ್ಪಿದಂತೆಯೇ?" ಎಂದು ಕೇಳಿದಳು. ಅಲ್ಲ ಎಂದೆ. ತಿದ್ದಿದ ಕರಾರನ್ನು ಕಳುಹಿಸಿ ಎಂದು ಅವಳು ಮತ್ತೆ ಬರೆದಿದ್ದಾಳೆ. ಅದು ಇನ್ನೂ ಬಂದಿಲ್ಲ.