ಸತ್ಯಾಂಶ: ‘ಎಂ’ ಮೋಡ್‌ನಲ್ಲಿ ತೆಗೆದರಷ್ಟೇ ಒಳ್ಳೆಯ ಫೋಟೋವೇ?

ನುರಿತ ಫೋಟೋಗ್ರಾಫರ್‌ಗಳು ‘ಎಂ’, ಅಂದರೆ ಎಲ್ಲ ಅಂಕಿಗಳನ್ನೂ ತಾವೇ ಹೊಂದಿಸುವ ಮ್ಯಾನ್ಯುಯಲ್ ಮೋಡ್ ಬಿಟ್ಟು ಬೇರೆ ಮೋಡ್ ಬಳಸುವುದಿಲ್ಲ, ಉಳಿದವುಗಳಲ್ಲಿ ಚಿತ್ರದ ಗುಣಮಟ್ಟ ಇಳಿಯುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಕಲಿಯುವವರಿಗೆ ನೆರವಾಗಲೆಂದೇ ಹಲವರು ಅದನ್ನು ಹಂಚುತ್ತಾರೆ. ಆದರೆ ಅದು ನಿಜವಲ್ಲ. ಶಟರ್ (ಬೆಳಕು ಬೀಳುವ ಸಮಯ), ಅಪರ್ಚರ್ (ಲೆನ್ಸ್ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಸಂವೇದನೆಯ ಮಟ್ಟ) ಒಂದೇ ಆಗಿದ್ದರೆ, ಅವನ್ನು ಆರಿಸಿದ್ದು ನೀವೋ ಕ್ಯಾಮೆರಾವೋ ಎಂಬುದರಿಂದ ಚಿತ್ರ ಬದಲಾಗದು.

ನೀವೇ ನೋಡಿ. ಬೆಳಕು ಬದಲಾಗದ ಹೊತ್ತಿನಲ್ಲಿ, ಕಿಟಕಿಯ ಬಳಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಡಿ. ಫೋಕಸ್ ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಕದಲದಂತೆ ಮಾಡಿ. ಅಪರ್ಚರ್ ಪ್ರಯಾರಿಟಿಯಲ್ಲಿ (ಅಪರ್ಚರ್ ನೀವು ಆರಿಸಿ, ಶಟರ್ ಕ್ಯಾಮೆರಾ ಆರಿಸುವ ಮೋಡ್) ಒಂದು ರಾ ಚಿತ್ರ (ಕ್ಯಾಮೆರಾ ಸಂಸ್ಕರಿಸದ ಕಡತ) ತೆಗೆದು ಅಂಕಿಗಳನ್ನು ಬರೆದುಕೊಳ್ಳಿ: ಉದಾಹರಣೆಗೆ ಶಟರ್ 1/125 ಸೆಕೆಂಡ್, ಅಪರ್ಚರ್ ಎಫ್/5.6, ಐಎಸ್‌ಒ 400. ಅವನ್ನೇ ‘ಎಂ’ನಲ್ಲಿ ಹಾಕಿ ಇನ್ನೊಂದು ತೆಗೆಯಿರಿ. ಎರಡರ ಹಿಸ್ಟೋಗ್ರಾಂ (ಚಿತ್ರದಲ್ಲಿ ಕಪ್ಪು-ಬಿಳುಪು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ಹೊಂದುತ್ತದೆ.

ಕ್ಯಾನನ್ 2018ರ ಇಒಎಸ್ ಆರ್ ಕ್ಯಾಮೆರಾದಲ್ಲಿ ತಂದ ‘ಎಫ್‌ವಿ’ ಮೋಡ್‌ನಲ್ಲಿ ಶಟರ್, ಅಪರ್ಚರ್, ಐಎಸ್‌ಒ ಮೂರರಲ್ಲಿ ಬೇಕಾದ್ದನ್ನು ನೀವು ಹಿಡಿದು, ಉಳಿದದ್ದನ್ನು ಆಟೋಗೆ ಬಿಡಬಹುದು. ಮೋಡ ಬಂದು ಹೋಗುವಾಗ ಹಕ್ಕಿ ತೆಗೆಯಲು ಇದೇ ಹಿತ: ಶಟರ್ 1/2000ಕ್ಕೆ ಇಟ್ಟು ಐಎಸ್‌ಒ ಆಟೋಗೆ ಬಿಡಿ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ಇದ್ದರೆ ಬೆಳಕು ಅಳೆಯುವ ಮೀಟರ್ ಮೋಸಹೋಗಿ, ಚಿತ್ರ ಅತಿ ಬೆಳ್ಳಗಾಗಿ ಗರಿಯ ವಿವರ ಅಳಿಸಬಹುದು. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾದ ಲೆಕ್ಕಕ್ಕಿಂತ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) −1ರಿಂದ ಶುರುಮಾಡಿ. ಸ್ಟುಡಿಯೋ ಫ್ಲ್ಯಾಶ್, ಪನೋರಮಾ (ಹಲವು ಚಿತ್ರ ಜೋಡಿಸಿದ ಅಗಲ ನೋಟ) ಆದರೆ ‘ಎಂ’ ಮೋಡೇ ಸರಿ, ಅದೂ ಆಟೋ ಐಎಸ್‌ಒ ಆಫ್ ಮಾಡಿ.